ವೆಸ್ಟರ್ನ್ ಸ್ಟೇಟ್ಸೋ, ಯುಟಿಎಂಬಿಯೋ?

ವೆಸ್ಟರ್ನ್ ಸ್ಟೇಟ್ಸ್, ಯುಟಿಎಂಬಿ (ಅಲ್ಟ್ರಾ-ಟ್ರೇಲ್ ಡು ಮಾಂಟ್ ಬ್ಲಾಂಕ್) ಎರಡೂ ನೂರು ಮೈಲಿಯ ಆಸುಪಾಸಿನ ಕಾಡು-ಬೆಟ್ಟದ ಓಟಗಳೇ. ಆದರೆ ದೇಹದಿಂದ ಕೇಳುವುದು ಬೇರೆ ಬೇರೆ.

ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ಹತ್ತುವುದು ಸುಮಾರು 5,500 ಮೀಟರ್, ಇಳಿಯುವುದು 7,000. ಹೊಸಬರು ಏರಿಗೆ ಹೆದರುತ್ತಾರೆ. ತೊಡೆ ಸೋಲುವುದು ಇಳಿಜಾರಿನಲ್ಲಿ. ಜೊತೆಗೆ ಜೂನ್ ಕೊನೆಯ ಬಿಸಿಲು, ಕಣಿವೆಗಳಲ್ಲಿ ಗಾಳಿಯೇ ಆಡದ ಸೆಕೆ. ಬಳ್ಳಾರಿ, ರಾಯಚೂರಿನ ಕಡೆಯವರಿಗೆ ಇದು ಹೊಸದಲ್ಲ. ಗಡುವು 30 ಗಂಟೆ, 24ರೊಳಗೆ ಮುಗಿಸಿದರೆ ಬಹುಮಾನವಾಗಿ ಸೊಂಟಪಟ್ಟಿಯ ಬೆಳ್ಳಿ ಬಕಲ್. ಸುಮಾರು 100 ಕಿ.ಮೀ. ದಾಟಿದ ಮೇಲೆ ಫಾರೆಸ್ಟ್‌ಹಿಲ್‌ನಿಂದ ಜೊತೆಗಾರರೊಬ್ಬರು ಪಕ್ಕದಲ್ಲಿ ಓಡಬಹುದು. ರಾತ್ರಿ ಆ ಒಂದು ದನಿ ಎಷ್ಟು ದೊಡ್ಡ ಆಸರೆ!

ಯುಟಿಎಂಬಿಯಲ್ಲಿ ಆ ಆಸರೆ ಇಲ್ಲ. ಫ್ರಾನ್ಸಿನ ಶಾಮೊನಿಯಿಂದ ಹೊರಟು, ಇಟಲಿ, ಸ್ವಿಟ್ಜರ್‌ಲೆಂಡ್ ಹಾದು ಮಾಂಟ್ ಬ್ಲಾಂಕ್ ಪರ್ವತಕ್ಕೆ ಪ್ರದಕ್ಷಿಣೆ: 170 ಕಿ.ಮೀ.ಗೂ ಹೆಚ್ಚು, ಏರಿಕೆ ಸುಮಾರು 10,000 ಮೀಟರ್. ಆಗಸ್ಟ್ ಆದರೂ ಮೇಲೆ ಮಳೆ, ಚಳಿ ಇರಬಹುದು; ಮಳೆಯಂಗಿ, ತಲೆದೀಪ ಕಡ್ಡಾಯ. ಗಡುವು 46 ಗಂಟೆಗೂ ಹೆಚ್ಚಾದ್ದರಿಂದ ಅನೇಕರಿಗೆ ಎರಡು ರಾತ್ರಿ ನಿದ್ದೆಯಿಲ್ಲ.

ಪ್ರವೇಶ ಎರಡಕ್ಕೂ ಲಾಟರಿಯೇ. ವೆಸ್ಟರ್ನ್ ಸ್ಟೇಟ್ಸ್‌ಗೆ ಪ್ರತಿ ವರ್ಷ ಅರ್ಹತಾ ಓಟ ಮುಗಿಸಿ ಕಾಯಬೇಕು. ಯುಟಿಎಂಬಿಗೆ ಅದರದೇ ಸರಣಿಯ ಓಟಗಳಲ್ಲಿ ಲಾಟರಿ ಚೀಟಿಯಂತೆ ಎಣಿಕೆಯಾಗುವ 'ರನ್ನಿಂಗ್ ಸ್ಟೋನ್' ಗಳಿಸಬೇಕು, ಅಂದರೆ ಬಹುಪಾಲು ವಿದೇಶ ಪ್ರಯಾಣದ ಖರ್ಚು.

ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಹತ್ತಾರು ಸಲ ಹತ್ತಿ, ಕೋಲೂರಿ ನಡೆಯುವ ತಾಳ್ಮೆ ಇದ್ದವರಿಗೆ ಯುಟಿಎಂಬಿ. ನಿಜಕ್ಕೂ ಓಡುತ್ತಲೇ ಇರಬೇಕೆಂಬ ಆಸೆಯಿದ್ದರೆ ವೆಸ್ಟರ್ನ್ ಸ್ಟೇಟ್ಸ್. ನನ್ನ ಮನಸ್ಸು ಅಲ್ಲೇ.