ದುರ್ಗದಬೈಲಿನ ಗಿರ್ಮಿಟ್ ಗಾಡಿಗಳು: ತಿನ್ನುವ ಮುನ್ನ ಏನು ನೋಡಬೇಕು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆಯಾದರೆ ತಿನಿಸಿನ ಗಾಡಿಗಳು ಸಾಲುಗಟ್ಟುತ್ತವೆ. ಪಾವ್‌ಭಾಜಿ, ಗೋಬಿ, ದೋಸೆ ಎಲ್ಲವೂ ಉಂಟು, ಆದರೆ ಅವು ಯಾವ ಊರಿನಲ್ಲಾದರೂ ಸಿಕ್ಕಾವು. ಇಲ್ಲಿ ಮೊದಲು ಕೇಳಬೇಕಾದ್ದು ಗಿರ್ಮಿಟ್, ಅಂದರೆ ಹುಳಿಖಾರದ ಗೊಜ್ಜಿನಲ್ಲಿ ಕಲಸಿದ ಚುರುಮುರಿ (ಮಂಡಕ್ಕಿ); ಅದರ ಜೊತೆಗೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ.

ಯಾವ ಗಾಡಿ ಒಳ್ಳೆಯದು ಎಂಬುದಕ್ಕೆ ಬೋರ್ಡು ನೋಡುವುದು ಬೇಡ, ಬೋಗುಣಿ ನೋಡಿ. ಗಿರಾಕಿ ಕೇಳಿದ ಮೇಲೆ ಕಲಸುತ್ತಿದ್ದರೆ ನಿಲ್ಲಿ. ಮೊದಲೇ ಕಲಸಿ ರಾಶಿ ಹಾಕಿದ್ದರೆ ಮುಂದಿನ ಗಾಡಿಗೆ ನಡೆಯಿರಿ. ಚುರುಮುರಿ ನೆನೆದರೆ ಅದು ನೆನೆಸಿದ ಚುರುಮುರಿಯ ಒಗ್ಗರಣೆಯಾದ ಸುಸಲಾ ಕಡೆಗೆ ಹೊರಳುತ್ತದೆ, ಗಿರ್ಮಿಟ್ ಆಗಿ ಉಳಿಯುವುದಿಲ್ಲ. ಕಲಸಿದ ಐದು ನಿಮಿಷದೊಳಗೆ ತಿಂದು ಮುಗಿಸಬೇಕಾದ ತಿನಿಸು ಇದು. ಪಾರ್ಸಲ್ ಬೇಕೇ ಬೇಕೆಂದರೆ ಗೊಜ್ಜು, ಚುರುಮುರಿ, ಪುಟಾಣಿ (ಹುರಿಗಡಲೆ) ಹಿಟ್ಟು ಮೂರನ್ನೂ ಬೇರೆ ಬೇರೆ ಕಟ್ಟಿಸಿಕೊಳ್ಳಿ.

ಗಿರ್ಮಿಟ್‌ನ ಜೀವವೆಲ್ಲ ಗೊಜ್ಜಿನಲ್ಲಿದೆ. ನಾಲ್ವರಿಗೆ ಸುಮಾರು ಎಂಟು ಬಟ್ಟಲು ಚುರುಮುರಿ ಎಂದಿಟ್ಟುಕೊಂಡರೆ ನಾಲ್ಕು ಚಮಚ ಎಣ್ಣೆ, ಎರಡು ದೊಡ್ಡ ಈರುಳ್ಳಿ, ಎರಡು ಟೊಮೆಟೊ, ನಾಲ್ಕೈದು ಹಸಿಮೆಣಸಿನಕಾಯಿ, ನಿಂಬೆ ಗಾತ್ರದ ಹುಣಸೆಹಣ್ಣು, ಒಂದು ಚಮಚ ಬೆಲ್ಲದ ಪುಡಿ ಬೇಕು. ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆಯಲ್ಲಿ ಈರುಳ್ಳಿ ಮೆತ್ತಗಾಗಬೇಕು, ಕೆಂಪಗಾಗಬಾರದು. ಅರಿಶಿನ, ಟೊಮೆಟೊ, ಹುಣಸೆರಸ, ಬೆಲ್ಲ, ಉಪ್ಪು ಬಿದ್ದ ಮೇಲೆ ಎಣ್ಣೆ ಅಂಚಿಗೆ ಬರುವವರೆಗೆ ಕುದಿಸಿ, ಪೂರ್ತಿ ಆರಿಸಬೇಕು. ಗೊಜ್ಜು ಬಿಸಿಯಿದ್ದರೆ ಅದರ ಹಬೆಗೇ ಚುರುಮುರಿ ಮುದುಡುತ್ತದೆ; ನೀರಾಗಿದ್ದರೆ ಕೇಳುವುದೇ ಬೇಡ. ಗೊಜ್ಜಿಗೆ ಚುರುಮುರಿ ಹಾಕಿ ಕಲಸಿ, ಮೇಲೆ ನಾಲ್ಕು ಚಮಚ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಉಳಿದ ಪಸೆಯನ್ನು ಹೀರಿಕೊಳ್ಳುವುದು ಆ ಹಿಟ್ಟೇ. ಹಿಟ್ಟು ಹೆಚ್ಚಾದರೆ ಗಂಟಲಿಗೆ ಹತ್ತುತ್ತದೆ. ಕೊನೆಗೆ ಹಸಿ ಈರುಳ್ಳಿ, ಕೊತ್ತಂಬರಿ, ಸೇವು.

ಮಿರ್ಚಿಯಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಸೋಡಾ ಹೆಚ್ಚಾದರೆ ಹೊದಿಕೆ ಎಣ್ಣೆ ಕುಡಿಯುತ್ತದೆ. ಎಣ್ಣೆ ವಿಪರೀತ ಕಾದಿದ್ದರೆ ಮೇಲೆ ಕೆಂಪು, ಒಳಗೆ ಹಸಿ. ಮೆಣಸಿನಕಾಯಿಯನ್ನು ಸೀಳಿರಬೇಕು, ಇಲ್ಲದಿದ್ದರೆ ಎಣ್ಣೆಯಲ್ಲಿ ಸಿಡಿಯುತ್ತದೆ. ಕಡಲೆಹಿಟ್ಟಿಗೆ ಅಜಿವಾನ (ಓಮ) ಬಿದ್ದಿದೆಯೇ ಎಂದು ಮೂಗೇ ಹೇಳುತ್ತದೆ. ಎಣ್ಣೆ ಕಪ್ಪಾಗಿ, ನೊರೆಯೇಳುತ್ತಿದ್ದರೆ ಮಿರ್ಚಿ ಬಿಟ್ಟುಬಿಡಿ.

ಈ ಅಳತೆಗಳನ್ನು ಗಾಡಿಯ ಮೇಲೆ ಯಾರೂ ಬರೆದಿಟ್ಟಿರುವುದಿಲ್ಲ. ಕಲಿಯುವವರು ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಲೇ ಕೈ ಅಳತೆ ಹಿಡಿಯಬೇಕು. ಗಾಡಿ ಎದ್ದುಹೋದರೆ ಆ ಕಲಿಕೆಯೂ ಹೋಗುತ್ತದೆ. ಅದರ ಜೊತೆ ಇನ್ನೊಂದೂ ಹೋಗುತ್ತದೆ: ಹಮಾಲರು, ಕಾಲೇಜು ಹುಡುಗರು, ಬಟ್ಟೆ ಖರೀದಿಗೆ ಬಂದ ಮನೆಮಂದಿ ಒಂದೇ ಬೋಗುಣಿಯಲ್ಲಿ ಕಲಸಿದ್ದನ್ನು ಅಕ್ಕಪಕ್ಕ ನಿಂತು ತಿನ್ನುವ ಜಾಗ. ಇಂಥ ಜಾಗ ಪೇಟೆಯಲ್ಲಿ ಹೆಚ್ಚಿಲ್ಲ. ಸಿಂಗಪುರದ ಬೀದಿ ತಿನಿಸಿನ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ವ್ಯಾಪಾರಿಗಳಿಗೆ ನೀರು, ಚರಂಡಿ ಇರುವ ಮಳಿಗೆಗಳನ್ನು ಸರ್ಕಾರವೇ ಕಟ್ಟಿಕೊಟ್ಟಿತ್ತು. ನಮ್ಮಲ್ಲಿಯೂ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಿದೆ. 50 ವರ್ಷ ಮೀರಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂದು ಅದರ ಎರಡನೇ ಅನುಸೂಚಿ ಹೇಳುತ್ತದೆ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ಅದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು. ಹಳೆಯ ತಿನಿಸು ಬೀದಿಗಳಿರುವ ಪ್ರತಿ ಊರಲ್ಲೂ ಈ ಮಾತನ್ನು ಎತ್ತಬೇಕು.

ಮೆಚ್ಚುಗೆಯ ನಡುವೆ ಕೊರತೆಯನ್ನೂ ಹೇಳಲೇಬೇಕು. ಬೀದಿ ಗಾಡಿಗಳಲ್ಲಿ ಕೈ ತೊಳೆಯುವ ನೀರು ಸಾಲದು. ಹಳೆಯ ಪತ್ರಿಕೆಯ ತುಂಡಿನಲ್ಲಿ ಮಿರ್ಚಿ ಕೊಟ್ಟರೆ ಬೇಡವೆನ್ನಿ. ಶಾಯಿ ಎಣ್ಣೆಗೆ ಬಿಡುತ್ತದೆ, ಆಹಾರ ಸುರಕ್ಷತಾ ನಿಯಮವೂ ಅದನ್ನು ಒಪ್ಪುವುದಿಲ್ಲ. ಸ್ವಂತ ಡಬ್ಬಿ ಒಯ್ದರೆ ಇನ್ನೂ ಒಳ್ಳೆಯದು.

ಖಾರ ತಡೆಯದವರು ಕಲಸುವ ಮುನ್ನವೇ ಹೇಳಿ. ಖಾರವಿರುವುದು ಗೊಜ್ಜಿನಲ್ಲಿ, ಆಮೇಲೆ ತೆಗೆಯಲಾಗದು. ಗೊಜ್ಜು ಕಡಿಮೆ, ಹಸಿ ಈರುಳ್ಳಿ ಜಾಸ್ತಿ ಎಂದರೆ ಹಾಗೆಯೇ ಕಲಸಿಕೊಡುತ್ತಾರೆ.