ಡಿವಿಡಿಯಿಂದ ಫೈಲ್‌ಗೆ: ಹ್ಯಾಂಡ್‌ಬ್ರೇಕ್ ಸೆಟ್ಟಿಂಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ

ಡಿವಿಡಿಯ ವಿಡಿಯೋವನ್ನು ಚಿಕ್ಕ ಫೈಲ್ ಮಾಡಿಕೊಡುವ ತಂತ್ರಾಂಶ ಹ್ಯಾಂಡ್‌ಬ್ರೇಕ್. ಡಿವಿಡಿಯಲ್ಲಿರುವ ಚಿತ್ರ ಮೊದಲೇ ಚಿಕ್ಕದು. ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿಸ್ಕ್ ಆದರೆ 720×576 ಚುಕ್ಕಿ, ಎನ್‌ಟಿಎಸ್‌ಸಿ (ಅಮೆರಿಕದ್ದು) ಆದರೆ 720×480. ಅದನ್ನೂ ಎಂಪೆಗ್-2ರಲ್ಲಿ ಒಮ್ಮೆ ಹಿಂಡಿ ಇಟ್ಟಿರುತ್ತಾರೆ. ನಾವು ಮತ್ತೆ ಹಿಂಡುವಾಗ ಇರುವಷ್ಟನ್ನು ಉಳಿಸಿಕೊಳ್ಳಲೇಬೇಕು. ಅದಕ್ಕೇ ಕಷ್ಟದ ತುಣುಕುಗಳನ್ನು ಆರಿಸಿಕೊಂಡೆ: ಕತ್ತಲ ದೃಶ್ಯ, ಜೋರು ನೃತ್ಯ, ಗ್ರೇನ್ (ಫಿಲ್ಮಿನ ಸಣ್ಣ ಕಾಳುಕಾಳು) ತುಂಬಿದ ಹಳೆಯ ಸಿನಿಮಾ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ ನೋಡಿದೆ.

ಮೊದಲ ಪೈಪೋಟಿ ಸರಾಸರಿ ಬಿಟ್‌ರೇಟ್ (ಸೆಕೆಂಡಿಗೆ ಇಷ್ಟು ಡೇಟಾ ಎಂಬ ಲೆಕ್ಕ) ಮತ್ತು ಸ್ಥಿರ ಗುಣಮಟ್ಟದ ನಡುವೆ. ಬಿಟ್‌ರೇಟ್ ಕೊಟ್ಟರೆ ಫೈಲ್ ಎಷ್ಟು ದೊಡ್ಡದಾಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ, ಅಷ್ಟೇ ಲಾಭ. ಮಾತುಕತೆಯ ಸಿನಿಮಾಕ್ಕೆ ಸಾಕಾದ ಸಂಖ್ಯೆ ನೃತ್ಯಕ್ಕೆ ಸಾಲಲಿಲ್ಲ. ಸ್ಥಿರ ಗುಣಮಟ್ಟದಲ್ಲಿ ದೃಶ್ಯಕ್ಕೆ ಬೇಕಾದಷ್ಟು ಜಾಗವನ್ನು ಎನ್‌ಕೋಡರ್ (ವಿಡಿಯೋ ಹಿಂಡುವ ಭಾಗ) ತಾನೇ ತೆಗೆದುಕೊಳ್ಳುತ್ತದೆ. ನನ್ನ ಮತ ಪೂರ್ತಿ ಇದಕ್ಕೇ.

ಈ ಸ್ಥಿರ ಗುಣಮಟ್ಟವನ್ನು ಆರಿಸುವ ಆರ್‌ಎಫ್ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದೊಡ್ಡದು. ಎಕ್ಸ್264 ಎಂಬ ಎನ್‌ಕೋಡರ್‌ನಲ್ಲಿ 22 ಇಟ್ಟಾಗ ಕತ್ತಲ ಗೋಡೆಗಳ ಮೇಲೆ ಚೌಕ ಚೌಕ ಕಲೆ ಕಂಡವು. 20ರಲ್ಲಿ ಹುಡುಕಿದರೆ ಮಾತ್ರ ಸಿಕ್ಕವು. 18ರಲ್ಲಿ ಮೂಲಕ್ಕೂ ಇದಕ್ಕೂ ವ್ಯತ್ಯಾಸ ಹೇಳಲು ನನಗೆ ಆಗಲಿಲ್ಲ. 16ಕ್ಕೆ ಇಳಿಸಿದರೆ ಸುಮ್ನೆ ಜಾಗ ಹೋಗುತ್ತದೆ. ಇಟ್ಟುಕೊಳ್ಳುವ ಸಿನಿಮಾಕ್ಕೆ 18, ಒಮ್ಮೆ ನೋಡಿ ಬಿಡುವುದಕ್ಕೆ 20 ಎಂದು ನಿಲ್ಲಿಸಿದೆ. ಎಷ್ಟು ನಿಧಾನವಾಗಿ ಹಿಂಡಬೇಕೆಂದು ಹೇಳುವ ಪ್ರಿಸೆಟ್ 'ಸ್ಲೋ' ಸಾಕು. 'ವೆರಿಸ್ಲೋ' ಕಾಯಿಸಿದಷ್ಟು ಫಲ ಕೊಡಲಿಲ್ಲ.

ಇನ್ನೂ ಹೊಸ ಎನ್‌ಕೋಡರ್ ಎಕ್ಸ್265ರಲ್ಲಿ ಫೈಲ್ ಚಿಕ್ಕದಾಗುತ್ತದೆ, ನಿಜ. ಆದರೆ ಹಳೆಯ ಸಿನಿಮಾದ ಗ್ರೇನ್ ಅದರಲ್ಲಿ ಒರೆಸಿ ಹೋಯಿತು. ಮುಖಗಳು ಮೇಣದ ಹಾಗೆ ನುಣುಪಾದವು. ಗ್ರೇನ್ ಉಳಿಸುವ 'ಗ್ರೇನ್' ಟ್ಯೂನ್ ಹಾಕಿದರೆ ಸರಿಹೋಗುತ್ತದೆ, ಆಗ ಗಾತ್ರ ಮತ್ತೆ ಏರುತ್ತದೆ. ಇಷ್ಟು ಚಿಕ್ಕ ಚಿತ್ರಕ್ಕೆ, ಹಳೆಯ ಟಿವಿಯಲ್ಲೂ ಓಡುವ ಎಕ್ಸ್264 ಬಿಟ್ಟು ಹೋಗಲು ಕಾರಣ ಕಾಣಲಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಇಂಟರ್‌ಲೇಸ್, ಅಂದರೆ ಒಂದೇ ಫ್ರೇಮಿನಲ್ಲಿ ಎರಡು ಕ್ಷಣ ಹೆಣೆದಿಡುವ ವಿಷಯದಲ್ಲಿ. ಇದನ್ನು ಜನ ಯಾಕೆ ಹಾರಿಸಿಬಿಡುತ್ತಾರೋ! ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ಕಾರ್ಯಕ್ರಮಗಳಲ್ಲಿ ಒಂದು ಫ್ರೇಮಿನ ಸರಿಗೆರೆಗಳು ಒಂದು ಕ್ಷಣದವು, ಬೆಸಗೆರೆಗಳು ಮುಂದಿನ ಕ್ಷಣದವು. ಹಾಗೇ ಎನ್‌ಕೋಡ್ ಮಾಡಿದರೆ ಕೈ ಬೀಸಿದಾಗ ಅಂಚು ಸೀಳಿದ ಗೆರೆಗಳಾಗಿ ಕಾಣುತ್ತದೆ. ಆ ಸೀಳು ಫೈಲ್‌ನಲ್ಲಿ ಶಾಶ್ವತ. ಹ್ಯಾಂಡ್‌ಬ್ರೇಕ್‌ನ ಡೀಕೋಂಬ್ ಫಿಲ್ಟರ್ ಅಂಥ ಫ್ರೇಮ್‌ಗಳನ್ನು ಗುರುತಿಸಿ ಅವನ್ನಷ್ಟೇ ಸರಿಪಡಿಸುತ್ತದೆ, ಹಾಗಾಗಿ ಸಿನಿಮಾ ಡಿಸ್ಕ್‌ಗಳಿಗೆ ಇದೇ ಒಳ್ಳೆಯದು. ನೃತ್ಯ, ಆಟ, ನಾಟಕಗಳಿಗೆ ಮಾತ್ರ 'ಬಾಬ್' ಗೆದ್ದಿತು. ಅದು ಎರಡೂ ಕ್ಷಣಗಳನ್ನು ಬೇರೆ ಬೇರೆ ಫ್ರೇಮ್ ಮಾಡುತ್ತದೆ. ಪಾಲ್ ಡಿಸ್ಕ್‌ನ ಸೆಕೆಂಡಿಗೆ 25 ಫ್ರೇಮ್ 50 ಆಗುತ್ತದೆ. ಹೆಜ್ಜೆಗಳ ಸರಾಗ ಚಲನೆ ಮರಳಿ ಬರುತ್ತದೆ. ಫೈಲ್ ದೊಡ್ಡದಾಗುತ್ತದೆ, ಆಗಲಿ. ಎನ್‌ಕೋಡ್ ಮುಗಿದ ಮೇಲೆ ಫ್ರೇಮ್ ರೇಟ್ ನಿಜಕ್ಕೂ 50 ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಚಿತ್ರವನ್ನು 1080ಕ್ಕೆ (ಎಚ್‌ಡಿ ಅಳತೆಗೆ) ಹಿಗ್ಗಿಸುವುದನ್ನೂ ನೋಡಿದೆ. ಇಲ್ಲದ ವಿವರ ಎಲ್ಲಿಂದ ಬರಬೇಕು, ಅಲ್ವಾ? ಅಳತೆ ಇದ್ದಂತೆ ಬಿಟ್ಟು, ಅನಾಮಾರ್ಫಿಕ್ (ಅಗಲದಲ್ಲಿ ಕುಗ್ಗಿಸಿಟ್ಟ ಚಿತ್ರದ ಸೆಟ್ಟಿಂಗ್) ಅನ್ನು 'ಆಟೋ'ದಲ್ಲಿಡಿ. ವೈಡ್‌ಸ್ಕ್ರೀನ್ ಚಿತ್ರವನ್ನು ಪ್ಲೇಯರ್ ತಾನೇ ಅಗಲ ಮಾಡಿ ತೋರಿಸುತ್ತದೆ.

ಆಡಿಯೋ ಡಾಲ್ಬಿ ಇದ್ದರೆ ಪಾಸ್‌ಥ್ರೂ, ಅಂದರೆ ಹಾಗೇ ನಕಲು. ಹಿಂಡಿದರೂ ಉಳಿಯುವ ಜಾಗ ಅಲ್ಪ, ಸುಮ್ನೆ ಕೆಡಿಸುವುದೇಕೆ? ಫೋನ್‌ಗೆ ಮಾತ್ರ ಆದರೆ ಎಎಸಿ (ಚಿಕ್ಕದಾಗಿ ಹಿಂಡುವ ಆಡಿಯೋ ರೂಪ) ಸಾಕು. ಸಬ್‌ಟೈಟಲ್ ಬೇಕೆಂದರೆ ಫೈಲ್‌ನ ಬಗೆ ಎಂಕೆವಿ ಆಗಲಿ. ಡಿವಿಡಿ ಸಬ್‌ಟೈಟಲ್‌ಗಳು ಅಕ್ಷರವಲ್ಲ, ಪುಟ್ಟ ಚಿತ್ರಗಳು. ಎಂಪಿ4ರಲ್ಲಿ ಅವನ್ನು ತೋರಿಸುವ ಪ್ಲೇಯರ್‌ಗಳು ಕಡಿಮೆ.

ಮತ್ತೆಲ್ಲೂ ಸಿಗದ ಡಿಸ್ಕ್ ಇದ್ದರೆ ಈ ಯಾವ ಸೆಟ್ಟಿಂಗೂ ಬೇಡ. ಮೇಕ್‌ಎಂಕೆವಿ ಎಂಬ ತಂತ್ರಾಂಶದಲ್ಲಿ ಎನ್‌ಕೋಡ್ ಮಾಡದೆ ಹಾಗೇ ಎತ್ತಿಡಿ. ಕೆಲವು ಜಿಬಿ ಹೋಗುತ್ತದೆ, ಆದರೆ ಮುಂದೆ ಎಂದಾದರೂ ಇನ್ನೂ ಒಳ್ಳೆಯ ಡೀಇಂಟರ್‌ಲೇಸ್ ಫಿಲ್ಟರ್ ಬಂದರೆ ಮೂಲದಿಂದಲೇ ಶುರು ಮಾಡಬಹುದು.