ಭಾವನ ಬೋಟಿಗೆ ತಂದ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್: ಒಂದು ಮಳೆಗಾಲ ಬಳಸಿದ ಮೇಲೆ

ಹೋದ ವರ್ಷ ಆಷಾಢದಲ್ಲಿ ಗೊರೂರು ಹಿನ್ನೀರಿನಲ್ಲಿ ಭಾವನ ಬೋಟ್ ಹತ್ತಿದ್ದೆವು. ಆರು ಜನ ಕೂರುವ ಬೋಟ್, ಹಿಂದೆ ಪೆಟ್ರೋಲ್ ಇಂಜಿನ್. ನೀರಲ್ಲಿ ನಿಂತ ಶೆಟ್ಟಿಹಳ್ಳಿ ಚರ್ಚ್ ನೋಡಬೇಕು ಅಂತ ಅಕ್ಕನ ಮಗಳ ಆಸೆ. ಅರ್ಧ ದಾರಿಗೆ ಮಳೆ ಹಿಡಿಯಿತು. ಪಕ್ಕಕ್ಕೆಲ್ಲ ಟಾರ್ಪಾಲ್, ಮುಂದಕ್ಕೆ ಪ್ಲಾಸ್ಟಿಕ್ ಹಾಳೆ ಇಳಿಸಿ ಕಟ್ಟಿದೆವು. ಹಿಂದೆ ಮಾತ್ರ ತೆರೆದಿತ್ತು. ಮಗು ಕೂತಿದ್ದು ಹಿಂದಿನ ಸೀಟಿನಲ್ಲೇ. ಇಪ್ಪತ್ತು ನಿಮಿಷಕ್ಕೆ ತಲೆನೋವು ಅಂದಳು, ಆಮೇಲೆ ವಾಂತಿ. "ನೀರಿನ ಮೇಲೆ ಹೋದ್ರೆ ಕೆಲವರಿಗೆ ಹಂಗೇ" ಅಂತ ನಾನೇ ಹೇಳಿದೆ. ದಡಕ್ಕೆ ಬಂದು ಗಾಳಿಗೆ ಕೂತ ಮೇಲೆ ಚೇತರಿಸಿಕೊಂಡಳು.

ಹಾಸನದಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ಇಂಜಿನ್ ಎಲ್ಲಿತ್ತು, ಪರದೆ ಎಲ್ಲೆಲ್ಲಿ ಕಟ್ಟಿದ್ರಿ ಅಂತ.

ಇಂಜಿನ್ ಹೊಗೆ ಹಿಂದಕ್ಕೆ ಹೋಗಿಬಿಡುತ್ತೆ ಅಂತಲೇ ನಾವೆಲ್ಲ ನಂಬಿದ್ದೆವು. ಆದರೆ ಮುಂದೆ ಮುಚ್ಚಿ ಹಿಂದೆ ತೆರೆದಿಟ್ಟರೆ, ಬೋಟ್ ಓಡುವಾಗ ಗಾಳಿ ಹಿಂದಿನಿಂದ ಸುತ್ತಿಕೊಂಡು ಒಳಗೆ ಬರುತ್ತೆ, ಹೊಗೆಯನ್ನೂ ಎಳೆದುಕೊಂಡು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತೆ. 2000ದ ಆಗಸ್ಟ್‌ನಲ್ಲಿ ಅಮೆರಿಕದ ಲೇಕ್ ಪೊವೆಲ್‌ನಲ್ಲಿ ಹೌಸ್‌ಬೋಟಿನ ಹಿಂಬದಿ ಈಜುತ್ತಿದ್ದ ಅಣ್ಣ ತಮ್ಮ ಇಬ್ಬರು ಮಕ್ಕಳು ಜನರೇಟರ್ ಹೊಗೆಗೆ ತೀರಿಕೊಂಡರು. ತೆರೆದ ನೀರು, ಮೇಲೆ ಆಕಾಶ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲಾರ್ಮ್ ಹುಡುಕಿ ಹೊರಟೆ. ಮೊದಲು ಹೋದ ಅಂಗಡಿಯಲ್ಲಿ ಗ್ಯಾಸ್ ಸಿಲಿಂಡರ್ ಲೀಕ್ ತೋರಿಸುವ ಡಬ್ಬಿ ಕೊಟ್ಟು "ಎರಡೂ ಒಂದೇ ಸರ್" ಅಂದರು. ಒಂದೇ ಅಲ್ಲ. ಎಲ್‌ಪಿಜಿ ಹಿಡಿಯುವ ಡಬ್ಬಿ ಕಾರ್ಬನ್ ಮೊನಾಕ್ಸೈಡ್ ಹಿಡಿಯುತ್ತೆ ಅಂತ ನಂಬಬೇಡಿ. ಕೊನೆಗೆ ಆನ್‌ಲೈನ್‌ನಲ್ಲಿ 3,400 ರೂಪಾಯಿ ಕೊಟ್ಟು ತರಿಸಿದೆ. ಹಿಂಬದಿಯಲ್ಲಿ ಇಎನ್ 50291-2 ಅಂತ ಇದೆ, ಅದು ಇಂಥ ಅಲಾರ್ಮ್‌ಗಳ ಯುರೋಪಿಯನ್ ಮಾನದಂಡ. ಕೊನೆಯ ಆ 2 ಮುಖ್ಯ. ಬರೀ 1 ಇದ್ದರೆ ಅದು ಮನೆಗೆ. 2 ಇದ್ದರೆ ಬೋಟಿಗೆ, ಕ್ಯಾರವಾನ್‌ಗೆ. ಈ ಮಾನದಂಡದ ಪ್ರಕಾರ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ಈ ಅನಿಲ) ಇದ್ದರೆ 60ರಿಂದ 90 ನಿಮಿಷದೊಳಗೆ ಕೂಗಬೇಕು, 300 ಇದ್ದರೆ 3 ನಿಮಿಷದೊಳಗೆ.

ದೊಡ್ಡವರು ಇಬ್ಬರೇ ಹೋಗಿ ದಡದ ಹತ್ತಿರವೇ ಪರೀಕ್ಷೆ ಮಾಡಿದೆವು. ಅವತ್ತಿನ ಹಾಗೇ ಪರದೆ ಕಟ್ಟಿ ನಿಧಾನಕ್ಕೆ ಓಡಿಸಿದೆವು. ಹಿಂದಿನ ಸೀಟಿನ ಕಂಬಿಗೆ ಅಲಾರ್ಮ್ ಕಟ್ಟಿದ್ದೆ. ಸೊನ್ನೆ, ಸೊನ್ನೆ, ಆಮೇಲೆ ಒಂದೇ ಸಲ 34. ಸ್ವಲ್ಪ ಹೊತ್ತಿಗೆ 61, ಆಮೇಲೆ 88. ಮೂಗಿಗೆ ಏನೂ ಗೊತ್ತಾಗಲಿಲ್ಲ. ಭಾವ ಮಾತಿಲ್ಲದೆ ಎದ್ದು ಮುಂದಿನ ಹಾಳೆಯ ಹಗ್ಗ ಬಿಚ್ಚಿದರು. ಎದುರು ಗಾಳಿ ಬಂತು. ನೋಡ್ತಾ ನೋಡ್ತಾ ಅಂಕಿ ಇಳಿದು ಮತ್ತೆ ಸೊನ್ನೆ. ಆ ಎರಡು ನಿಮಿಷಕ್ಕೇ ಕೊಟ್ಟ ದುಡ್ಡು ಬಂತು ಅನ್ನಿಸಿತು.

ಕೊರತೆ ಹೇಳಬೇಕಲ್ವಾ. 30ಕ್ಕಿಂತ ಕಡಿಮೆ ಇದ್ದರೆ ಇದು ಸೊನ್ನೆಯೇ ತೋರಿಸುತ್ತೆ, ಅದು ನನಗೆ ಇಷ್ಟವಾಗಲಿಲ್ಲ. ಬಿಸಿಲಲ್ಲಿ ಅಂಕಿ ಓದೋದು ಕಷ್ಟ. ಟೆಸ್ಟ್ ಬಟನ್ ಒತ್ತಿದರೆ ಸದ್ದು, ಬ್ಯಾಟರಿ ಸರಿ ಇದೆ ಅಂತ ಗೊತ್ತಾಗುತ್ತೆ ಅಷ್ಟೇ. ಒಳಗಿನ ಸೆನ್ಸರ್ ಕೆಲಸ ಮಾಡುತ್ತೋ ಇಲ್ಲವೋ ತಿಳಿಯೋದಿಲ್ಲ. ಸೆನ್ಸರ್‌ಗೆ ಆಯಸ್ಸು ಏಳು ವರ್ಷ ಅಂತ ಡಬ್ಬಿಯಲ್ಲಿದೆ. ಸದ್ದು ಮಾತ್ರ ಇಂಜಿನ್ ಗದ್ದಲದಲ್ಲೂ ಚೆನ್ನಾಗಿ ಕೇಳಿಸುತ್ತೆ.

ಅಲಾರ್ಮ್ ಇದ್ದರೂ ಪರದೆ ಪೂರ್ತಿ ಕಟ್ಟೋದನ್ನು ನಾವು ಬಿಟ್ಟೇಬಿಟ್ಟಿದ್ದೇವೆ. ಮಳೆ ಬಂದರೆ ನೆನೆಯುತ್ತೇವೆ. ಮೀನು ಹಿಡಿಯಲು ನಿಂತಾಗ ಇಂಜಿನ್ ಆಫ್. ಇಂಜಿನ್ ಓಡುವಾಗ ಯಾರೂ ಹಿಂಬದಿ ನೀರಿಗೆ ಇಳಿಯುವ ಹಾಗಿಲ್ಲ. ಈ ಮಳೆಗಾಲದಲ್ಲಿ ಅಕ್ಕನ ಮಗಳು ಮತ್ತೆ ಬಂದಳು. ರೇನ್‌ಕೋಟ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತು, ಈ ಸಲ ಚರ್ಚ್ ನೋಡಿದಳು.